ಹಂದಿಗೆ ಕಟ್ಟಿದ ತಂತಿ ಯಾರ ಕೊರಳಿಗೆ?

ಬನಶಂಕರಿಯಿಂದ ಕಗ್ಗಲಿಪುರದ ಕಡೆಗೋ, ಜೆ.ಪಿ. ನಗರ ದಾಟಿ ಬನ್ನೇರುಘಟ್ಟದ ಕಡೆಗೋ ಹೋಗುವ ಬಸ್ಸಿನಲ್ಲಿ ಕೂತವರಿಗೆ ಊರು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂಬುದೇ ಈಗ ತಿಳಿಯುವುದಿಲ್ಲ. ಕಾಡುಹಂದಿಗೂ ತಿಳಿಯುವುದಿಲ್ಲ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವೆಂದರೆ ಬರೀ ಸಫಾರಿಯಲ್ಲ, ಸುಮಾರು 260 ಚದರ ಕಿಲೋಮೀಟರ್ ಕಾಡು. ಅದರ ಅಂಚಿನಲ್ಲಿ ಸೈಟು ಕೊಂಡು ನಾಲ್ಕು ಬಾಳೆ, ಎರಡು ಸಾಲು ಗೆಣಸು ಹಾಕಿದವರ ತೋಟಕ್ಕೆ ರಾತ್ರಿ ಹಂದಿ ನುಗ್ಗುತ್ತದೆ. ಕೆಲವು ಕಡೆ ಆನೆಯೂ ಬರುತ್ತದೆ.

"ಬೇಲಿಗೆ ಸ್ವಲ್ಪ ಕರೆಂಟು ಕೊಟ್ಬಿಡಿ ಸಾರ್, ಆಮೇಲೆ ಯಾವ್ದೂ ಈ ಕಡೆ ತಲೆ ಹಾಕಲ್ಲ" ಎಂಬ ಸಲಹೆ ಆಗ ಪುಕ್ಕಟೆ ಸಿಗುತ್ತದೆ. ಆ "ಸ್ವಲ್ಪ"ದಲ್ಲೇ ಇದೆ ಸಂಚಕಾರ. ಮನೆಯ ಪ್ಲಗ್ಗಿನಿಂದ ವೈರೆಳೆದು ತಂತಿಗೆ ಸಿಕ್ಕಿಸಿದರೆ 230 ವೋಲ್ಟು ಬಿಡುವಿಲ್ಲದೆ ಹರಿಯುತ್ತದೆ. ಮುಟ್ಟಿದವನ ಕೈ ಬಿಗಿದು ತಂತಿಯನ್ನೇ ಹಿಡಿದುಕೊಳ್ಳುತ್ತದೆ. ಫ್ಯೂಸು ಹೋಗುತ್ತದಲ್ಲ ಎನ್ನುವವರಿದ್ದಾರೆ. ಹೋಗುವುದಿಲ್ಲ ಸ್ವಾಮಿ! 5 ಆಂಪಿಯರಿನ ಫ್ಯೂಸು ಕರಗಲು ಅದಕ್ಕಿಂತ ಹೆಚ್ಚು ಕರೆಂಟು ಬೇಕು; ಮನುಷ್ಯನ ಎದೆಬಡಿತ ನಿಲ್ಲಿಸಲು ಅದರ ನೂರರಲ್ಲಿ ಒಂದೆರಡು ಪಾಲು ಸಾಕು. ಹಂದಿ ಬಂದೀತೆಂದು ಕಾದ ತಂತಿಗೆ ಸಿಗುವವರು ಪಕ್ಕದ ಮನೆಯ ಹಸು, ನಸುಕಿನಲ್ಲಿ ಹಾಲಿಗೆ ಹೊರಟ ಹುಡುಗ, ಇಲ್ಲವೇ ಸ್ವಿಚ್ಚು ಆರಿಸಲು ಮರೆತ ಯಜಮಾನ. ರಾಜ್ಯದ ಹಳ್ಳಿಗಳಲ್ಲಿ ಆನೆಯ ಜೊತೆ ತೋಟದವರೂ ಹೀಗೆ ಬಲಿಯಾಗಿರುವುದು ಹೊಸ ಸುದ್ದಿಯೇನಲ್ಲ.

ಸೋಲಾರ್ ಬೇಲಿಯ ಮಾತೇ ಬೇರೆ. ಅದಕ್ಕೆ ಎನರ್ಜೈಸರ್ ಎಂಬ ಪೆಟ್ಟಿಗೆ ಇರುತ್ತದೆ, 12 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತದೆ. ತಂತಿಯಲ್ಲಿ 5ರಿಂದ 10 ಸಾವಿರ ವೋಲ್ಟು! ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದು ಸೆಕೆಂಡಿಗೊಮ್ಮೆ ಮಾತ್ರ, ಅದೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಛಟೀರ್ ಎಂದು ಹೊಡೆದು ಬಿಟ್ಟುಬಿಡುತ್ತದೆ, ಕೈ ಎಳೆದುಕೊಳ್ಳಲು ಪುರುಸೊತ್ತಿರುತ್ತದೆ. ಪ್ರಾಣಿ ನೋವುಂಡು ಹಿಂದೆ ಸರಿಯುತ್ತದೆ, ಸಾಯುವುದಿಲ್ಲ.

ಪೆಟ್ಟಿಗೆ ತಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಅದರ ಅರ್ಥ್ ಕಂಬಿ ಮನೆಯ ಅರ್ಥಿಂಗಿನಿಂದ ಕನಿಷ್ಠ 10 ಮೀಟರ್ ದೂರವಿರಬೇಕು. ಮುಳ್ಳುತಂತಿಗೆ ಮಾತ್ರ ಕರೆಂಟು ಕೊಡಲೇಬಾರದು. ಬಟ್ಟೆ ಸಿಕ್ಕಿಕೊಂಡವನಿಗೆ ಬಿಡಿಸಿಕೊಳ್ಳುವಷ್ಟರಲ್ಲಿ ಏಟಿನ ಮೇಲೆ ಏಟು. ಬೆಸ್ಕಾಂ ಲೈನಿನ ಅಡಿಯಲ್ಲಿ ಬೇಲಿ ಎಳೆದರೆ ಒಂದು ಮಳೆಗಾಳಿಗೆ ಮೇಲಿನ ತಂತಿ ಕೆಳಗಿನದರ ಮೇಲೆ ಬಿದ್ದೀತು. ಹುಲ್ಲು ಸವರುತ್ತಿರಬೇಕು, ತಾಗಿದಲ್ಲೆಲ್ಲ ಕರೆಂಟು ಸೋರುತ್ತದೆ. ದೂರಕ್ಕೆ ಕಾಣುವಂತೆ ಕನ್ನಡದಲ್ಲಿ ಬೋರ್ಡು ಬೇಕು.

ಇನ್ನು ಜಯನಗರ, ಬಿ.ಟಿ.ಎಂ. ಲೇಔಟಿನ ಒಳಗಿನವರ ಗೋಳು ಮಂಗನದು. ಇಲ್ಲಿ ಕರೆಂಟು ಬೇಲಿ ಶುದ್ಧ ದಂಡ. ನೆಲದ ಸಂಪರ್ಕವಿದ್ದರಷ್ಟೇ ಶಾಕು ಹೊಡೆಯುವುದು. ಕೊಂಬೆಯಿಂದ ನೇರ ಬಾಲ್ಕನಿಗೆ ಹಾರುವ ಮಂಗನಿಗೆ ಅದರ ಗೊಡವೆಯೇ ಇಲ್ಲ. ಕಾಂಪೌಂಡಿನ ಆಚೆ ಫುಟ್‌ಪಾತು, ಈಚೆ ಚೆಂಡು ಹುಡುಕುವ ಮಕ್ಕಳು. ಕೊಂಬೆ ಸವರಿಸಿ, ತಾರಸಿ ತೋಟಕ್ಕೆ ಬಲೆ ಕಟ್ಟಿ ಸಾಕು. ಶನಿವಾರ ಬಾಳೆಹಣ್ಣು ಕೊಟ್ಟು ಭಾನುವಾರ ಕಲ್ಲು ಹೊಡೆಯುವ ಭಕ್ತರೂ ಕೊಂಚ ಯೋಚಿಸಲಿ!

ಕಾನೂನು ಸುಮ್ಮನಿಲ್ಲ. ಕಂಬಕ್ಕೆ ಕೊಕ್ಕೆ ಹಾಕಿದರೆ 2003ರ ವಿದ್ಯುತ್ ಕಾಯ್ದೆಯಲ್ಲಿ ಕಳ್ಳತನ. ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ 3ರಿಂದ 7 ವರ್ಷ ಜೈಲು. ಮನುಷ್ಯ ಸತ್ತರೆ ನಿರ್ಲಕ್ಷ್ಯದ ಕೇಸಿಗೇ 5 ವರ್ಷದವರೆಗೆ.

ಯಾರಾದರೂ ಅಂಥ ತಂತಿಗೆ ಅಂಟಿಕೊಂಡಿದ್ದರೆ ಕೈಹಿಡಿದು ಎಳೆಯಲು ಓಡಬೇಡಿ. ಮೊದಲು ಮೇನ್ ಸ್ವಿಚ್ಚು ಆರಿಸಿ. ದಾರಿಯಲ್ಲಿ ಅನುಮಾನದ ವೈರು ಕಂಡರೆ ದೂರ ನಿಂತೇ ಬೆಸ್ಕಾಂನ 1912ಕ್ಕೆ ಫೋನು ಮಾಡಿ.