ಯಾವುದಕ್ಕೆ ಆ್ಯಪ್ಟ್?

ಪ್ಲೇಸ್‌ಮೆಂಟ್ ಸೀಸನ್ ಶುರುವಾಯ್ತು ಅಂದ್ರೆ ಹಾಸ್ಟೆಲ್ಲಿನಲ್ಲಿ ದಿನಾ ಕೇಳೋ ಮಾತು: "ಆ್ಯಪ್ಟಿಟ್ಯೂಡ್ ರೌಂಡಲ್ಲಿ ಹೋಯ್ತು ಮಗಾ." ಇನ್ನೂ ಮೂರ್ನಾಲ್ಕು ಕಂಪನಿ ಬಂದು ಹೋದ ಮೇಲೆ ಅದೇ ಮಾತು ಸ್ವಲ್ಪ ಬದಲಾಗುತ್ತೆ: "ನಂಗೆ ಆ್ಯಪ್ಟಿಟ್ಯೂಡೇ ಇಲ್ಲ." ಮೊದಲನೆಯದು ಒಂದು ಪರೀಕ್ಷೆಯ ಸುದ್ದಿ. ಎರಡನೆಯದು ತನ್ನ ಮೇಲೆ ತಾನೇ ಬರೆದುಕೊಂಡ ತೀರ್ಪು. ಆ ಎರಡನೇ ವಾಕ್ಯ ಅರ್ಧಕ್ಕೇ ನಿಂತಿದೆ ಅನ್ನೋದು ನಮ್ಮ ತಕರಾರು.

ಆ್ಯಪ್ಟ್ ಅನ್ನೋ ಇಂಗ್ಲಿಷ್ ಪದ ಲ್ಯಾಟಿನ್ನಿನ 'ಆಪ್ಟಸ್'ನಿಂದ ಬಂದದ್ದು. ಆಪ್ಟಸ್ ಅಂದ್ರೆ ಕಟ್ಟಿದ್ದು, ಜೋಡಿಸಿದ್ದು, ಸರಿಯಾಗಿ ಕೂತದ್ದು. ಜಾಣತನದ ಮಾತು ಅಲ್ಲಿ ಆಮೇಲೆ ಸೇರಿಕೊಂಡದ್ದು. ನಮ್ಮ ಬ್ಯಾಗಿನಲ್ಲಿರೋ ಅಡಾಪ್ಟರ್ ಇದೇ ಮನೆತನದ್ದು. ಕೈಲಾಗದವನಿಗೆ ಹೇಳೋ ಇನೆಪ್ಟ್ ಕೂಡ ಇದೇ ಪದ, ಮುಂದೆ ಒಂದು 'ಇಲ್ಲ' ಅಂಟಿಸಿದೆ ಅಷ್ಟೇ. ಇನ್ನೂ ಹಿಂದಕ್ಕೆ ಹೋದರೆ, ಭಾಷಾಶಾಸ್ತ್ರಜ್ಞರು ಇದನ್ನ ಸಂಸ್ಕೃತದ 'ಆಪ್' ಧಾತುವಿನ ಜೊತೆ ಒಂದೇ ಬೇರಿಗೆ ಸೇರಿಸ್ತಾರೆ. ಪ್ರಾಪ್ತಿ, ವ್ಯಾಪ್ತಿ, ಆಪ್ತ ಎಲ್ಲ ಅಲ್ಲಿಂದಲೇ ಬಂದವು. 'ಆಪ್ತ ಗೆಳೆಯ'ನ ಆಪ್ತ, ಆ್ಯಪ್ಟಿಟ್ಯೂಡಿಗೆ ದೂರದ ನೆಂಟ! (ಲಿನಕ್ಸ್‌ನ 'ಸುಡೋ ಆ್ಯಪ್ಟ್' ಮಾತ್ರ ನೆಂಟನಲ್ಲ, ಅದು ಅಡ್ವಾನ್ಸ್ಡ್ ಪ್ಯಾಕೇಜ್ ಟೂಲ್‌ನ ಮೊದಲಕ್ಷರಗಳು. ಆದರೂ ಯಾವ ಪ್ಯಾಕೇಜಿಗೆ ಯಾವುದು ಹೊಂದುತ್ತೆ ಅಂತ ನೋಡೋದೇ ಅದರ ಕೆಲಸ.)

ಕನ್ನಡದಲ್ಲಿ ನಾವು ಬಳಸೋ 'ಯೋಗ್ಯ'ದ ಕಥೆಯೂ ಹೀಗೇ ಇದೆ. ಅದು 'ಯುಜ್' ಧಾತುವಿನಿಂದ ಬಂದದ್ದು. ಅಂದ್ರೆ ಕೂಡಿಸು, ನೊಗಕ್ಕೆ ಹೂಡು. ಯುಕ್ತ, ಉಪಯೋಗ, ಕೊನೆಗೆ ನಾವೆಲ್ಲ ಹುಡುಕ್ತಾ ಇರೋ ಉದ್ಯೋಗ, ಎಲ್ಲ ಇದರ ಮಕ್ಕಳೇ. ಯೋಗ್ಯ ಅಂದ ತಕ್ಷಣ ಕನ್ನಡದ ಕಿವಿ ಒಂದು 'ಕ್ಕೆ' ಕೇಳುತ್ತೆ: ಕುಡಿಯೋದಕ್ಕೆ ಯೋಗ್ಯ, ಬಿತ್ತನೆಗೆ ಯೋಗ್ಯ. 'ತಕ್ಕ' ಅನ್ನೋದೂ ಹಾಗೇ, ಕಾಲಕ್ಕೆ ತಕ್ಕ, ಮೈಗೆ ತಕ್ಕ. 'ಒಗ್ಗು' ಅಂತೂ ಇನ್ನೂ ಚೆಂದ. "ಈ ಊರಿನ ನೀರು ನಂಗೆ ಒಗ್ಗಲಿಲ್ಲ" ಅಂತೀವಿ. ಅದರಲ್ಲಿ ನೀರಿಗೂ ಬೈಗುಳ ಇಲ್ಲ, ಮೈಗೂ ಇಲ್ಲ. ಆ 'ಕ್ಕೆ' ಕಳಚಿಬಿದ್ದಾಗಲೇ ಯೋಗ್ಯತೆ ಬೈಗುಳ ಆಗೋದು: "ನಿನ್ ಯೋಗ್ಯತೆ ಗೊತ್ತು ಬಿಡೋ!" ಆ್ಯಪ್ಟಿಟ್ಯೂಡಿಗೂ ನಮ್ಮ ಕ್ಯಾಂಪಸ್ಸಿನಲ್ಲಿ ಆಗಿರೋದು ಇದೇ.

ಮೆಕ್ಯಾನಿಕಲ್‌ನವರು ಲಿಮಿಟ್ಸ್ ಅಂಡ್ ಫಿಟ್ಸ್ ಓದಿರ್ತಾರೆ. 20 ಮಿ.ಮೀ. ರಂಧ್ರ, ಎಚ್7 ಟಾಲರೆನ್ಸ್ ಅಂದ್ರೆ ಅದರ ಅಳತೆ 20.000ರಿಂದ 20.021 ಮಿ.ಮೀ. ಒಳಗಿರಬೇಕು. ಅದರೊಳಗೆ ಸಲೀಸಾಗಿ ಜಾರಬೇಕಾದ ಶಾಫ್ಟಿಗೆ ಜಿ6, ಅಂದ್ರೆ 19.980ರಿಂದ 19.993. ಒತ್ತಿ ಕೂರಿಸಿ ಅಲುಗಾಡದ ಹಾಗೆ ಮಾಡಬೇಕಾದರೆ ಪಿ6, ಅಂದ್ರೆ 20.022ರಿಂದ 20.035. ಎರಡು ಶಾಫ್ಟುಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವೂ ಇಲ್ಲ. ಆದರೂ ಒಂದರ ಜಾಗಕ್ಕೆ ಇನ್ನೊಂದು ಬರಲ್ಲ. ಇದರಲ್ಲಿ ಯಾವ ಶಾಫ್ಟು ಒಳ್ಳೇದು ಅಂತ ವೈವಾದಲ್ಲಿ ಯಾರಾದ್ರೂ ಕೇಳಿದರೆ, "ಯಾವ ಕೆಲಸಕ್ಕೆ ಸಾರ್?" ಅಂತ ನಾವೇ ತಿರುಗಿ ಕೇಳ್ತೀವಿ. ನಮ್ಮ ವಿಷಯದಲ್ಲಿ ಮಾತ್ರ ಕೇಳಲ್ಲ.

ಅಷ್ಟಕ್ಕೂ ಆ ರೌಂಡಿನಲ್ಲಿ ಇರೋದೇನು? ರೈಲು ಸೇತುವೆ ದಾಟೋದು, ದೋಣಿ ಹೊಳೆಯ ಎದುರಿಗೆ ಹೋಗೋದು, ಎ ಮತ್ತು ಬಿ ಸೇರಿ ಗೋಡೆ ಕಟ್ಟೋದು, ಫೋಟೋದಲ್ಲಿರೋ ಹೆಂಗಸಿಗೂ ತೋರಿಸ್ತಿರೋನಿಗೂ ಏನು ಸಂಬಂಧ ಅನ್ನೋದು. ಆರ್. ಎಸ್. ಅಗರ್‌ವಾಲ್ ಪುಸ್ತಕ ಹಿಡಿದು ಎರಡು ತಿಂಗಳು ಕೂತರೆ ಬಹಳ ಜನರಿಗೆ ಬರುತ್ತೆ. ಎರಡು ತಿಂಗಳಲ್ಲಿ ಕಲಿಯಬಹುದಾದ್ದನ್ನ ಹುಟ್ಟುಗುಣದ ಹೆಸರಿಂದ ಕರೆಯೋದು ಯಾಕೋ?

ಈ ಪ್ರಶ್ನೆ ಅಮೆರಿಕದಲ್ಲಿ ಮೊದಲೇ ಎದ್ದಿತ್ತು. ಎಸ್‌ಎಟಿ 1926ರಲ್ಲಿ ಶುರುವಾದಾಗ ಅದರ 'ಎ' ಅಂದ್ರೆ ಆ್ಯಪ್ಟಿಟ್ಯೂಡ್. ಅದನ್ನ ರೂಪಿಸಿದ ಕಾರ್ಲ್ ಬ್ರಿಗಮ್, ಬುದ್ಧಿಮತ್ತೆಯ ಪರೀಕ್ಷೆ ನೋಡಿ ಜನಾಂಗಗಳಿಗೆ ದರ್ಜೆ ಹಚ್ಚಿ ಪುಸ್ತಕ ಬರೆದಿದ್ದವರು. 1930ರಲ್ಲಿ ಅದನ್ನ ತಾವೇ ಹಿಂತೆಗೆದುಕೊಂಡರು. 1990ರ ದಶಕದಲ್ಲಿ ಆ ಪರೀಕ್ಷೆಯ ಹೆಸರಿನಿಂದ ಆ್ಯಪ್ಟಿಟ್ಯೂಡ್ ಹೋಗಿ ಅಸೆಸ್‌ಮೆಂಟ್ ಬಂತು. ಈಗ ಆ ಮೂರು ಅಕ್ಷರಗಳಿಗೆ ಯಾವ ವಿಸ್ತರಣೆಯೂ ಇಲ್ಲ. ನಮ್ಮ ಗೇಟ್‌ನ 'ಎ' ಮಾತ್ರ ಇವತ್ತಿಗೂ ಆ್ಯಪ್ಟಿಟ್ಯೂಡೇ, 100ರಲ್ಲಿ 15 ಅಂಕ ಜನರಲ್ ಆ್ಯಪ್ಟಿಟ್ಯೂಡಿಗೆ. 'ಜನರಲ್' ಆ್ಯಪ್ಟಿಟ್ಯೂಡ್ ಅಂದ್ರೆ ಎಲ್ಲ ರಂಧ್ರಕ್ಕೂ ಕೂರೋ ಶಾಫ್ಟು ಅಂತಲೋ ಏನೋ.

ಟ್ರೇನಿಂಗ್‌ಗೆ ಬರೋರು "ಆ್ಯಪ್ಟಿಟ್ಯೂಡ್‌ಗಿಂತ ಆ್ಯಟಿಟ್ಯೂಡ್ ಮುಖ್ಯ" ಅಂತಾರಲ್ಲ, ಅದೂ ತಮಾಷೆಯೇ. ಎರಡೂ ಒಂದೇ ಲ್ಯಾಟಿನ್ ಪದ. ಒಂದು ಸೀದಾ ಬಂತು. ಇನ್ನೊಂದು ಇಟಲಿ, ಫ್ರಾನ್ಸ್ ಸುತ್ತಿ, ಶಿಲ್ಪ-ಚಿತ್ರಗಳ ಭಂಗಿಯ ಹೆಸರಾಗಿ ಇಂಗ್ಲಿಷಿಗೆ ಬಂತು. ಏರೋದವರಿಗೆ ಆ್ಯಟಿಟ್ಯೂಡ್ ಇವತ್ತಿಗೂ ವಿಮಾನದ ಭಂಗಿಯೇ.

ಸಾವಿರ ಅರ್ಜಿ ಬಂದಾಗ ಕಂಪನಿಯವರು ಏನೋ ಒಂದು ಜರಡಿ ಹಿಡಿಯಲೇಬೇಕು, ಒಪ್ಪಿದೆವು. ಜರಡಿಗೆ ಜರಡಿ ಅನ್ನಲಿ. ಅವರ ಸ್ಲೈಡಿನ ಮೇಲೆ ಏನಿರಬೇಕು ಅನ್ನೋದು ನಮ್ಮ ಕೈಲಿಲ್ಲ, ನಮ್ಮ ನೋಟಿಸ್ ಬೋರ್ಡ್ ಇದೆ. ಮುಂದಿನ ಡ್ರೈವ್‌ನಿಂದ ಅದರ ಮೇಲೆ 'ಲೆಕ್ಕ ಮತ್ತು ತರ್ಕದ ಪರೀಕ್ಷೆ, 60 ನಿಮಿಷ' ಅಂತ ಬರೆಯಿರಿ ಅಂತ ಪ್ಲೇಸ್‌ಮೆಂಟ್ ಸೆಲ್ಲಿನ ಗೆಳೆಯರನ್ನ ಕೇಳ್ತಾ ಇದ್ದೀವಿ. ಫೇಲ್ ಆದವರು ಆಗ "ಲೆಕ್ಕದಲ್ಲಿ ಹೋಯ್ತು" ಅಂತ ಹೇಳ್ಕೊಂಡು ಕ್ಯಾಂಟೀನಿಗೆ ಬರಬಹುದು.