ಹೆಸರಿನ ಶೋಧನೆಯೂ ಯಂತ್ರದ ಮಾತೂ

ಹೊಸದಾಗಿ ವ್ಯಾಪಾರವನ್ನಾಗಲಿ ಕೈಗಾರಿಕೆಯನ್ನಾಗಲಿ ಆರಂಭಿಸುವ ನಮ್ಮ ನಾಡಿನ ತರುಣರು ತಮ್ಮ ಸರಕಿಗೆ ಹೆಸರು ಹುಡುಕುವ ಕಾರ್ಯವನ್ನು ಈಚೆಗೆ ಕೃತಕ ಬುದ್ಧಿಯ ಯಂತ್ರಗಳಿಗೆ ಒಪ್ಪಿಸತೊಡಗಿರುವುದು ನಮ್ಮ ವಾಚಕರಲ್ಲಿ ಅನೇಕರ ಗಮನಕ್ಕೆ ಬಂದಿರಬಹುದು. ಹಿಂದೆ ಮನೆದೇವರ ಹೆಸರನ್ನೋ ಹಿರಿಯರ ಹೆಸರನ್ನೋ ಹಲಗೆಯ ಮೇಲೆ ಬರೆಯಿಸಿ ಅಂಗಡಿಯ ಬಾಗಿಲನ್ನು ತೆರೆಯುತ್ತಿದ್ದರು. ಈಗ ಚಾಟ್‌ಜಿಪಿಟಿ ಮೊದಲಾದ ಯಂತ್ರಗಳನ್ನು ಕೇಳಿದರೆ ಒಂದು ನಿಮಿಷದೊಳಗೆ ಐವತ್ತು ಹೆಸರುಗಳು ದೊರೆಯುತ್ತವೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಹೆಸರು ದೊರೆತ ಮೇಲೆ ಅದೇ ಯಂತ್ರವನ್ನು "ಈ ಹೆಸರನ್ನು ಬೇರೆ ಯಾರಾದರೂ ಇಟ್ಟುಕೊಂಡಿರುವರೇ?" ಎಂದು ಕೇಳಿ, "ಅಂಥದು ಯಾವುದೂ ಕಂಡುಬರಲಿಲ್ಲ" ಎಂಬ ಅದರ ವಿನಯದ ಉತ್ತರವನ್ನೇ ನಂಬಿ, ಹಲಗೆ ಬರೆಯಿಸಿ, ಪೊಟ್ಟಣಗಳನ್ನು ಅಚ್ಚು ಹಾಕಿಸಿ, ಸಾಲವೆತ್ತಿ ವ್ಯಾಪಾರಕ್ಕಿಳಿಯುವ ಅಭ್ಯಾಸವೂ ಜೊತೆಯಲ್ಲಿಯೇ ಬೆಳೆಯುತ್ತಿದೆ. ಇದರ ವಿಷಯದಲ್ಲಿ ನಮ್ಮ ವರ್ತಕರಿಗೆ ಎಚ್ಚರಿಕೆ ಹೇಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಈ ಯಂತ್ರಗಳು ಓದಿರುವ ಬರಹವು ಅಪಾರವಾದದ್ದು. ಆದರೆ ಅವು ಉತ್ತರ ಕೊಡುವುದು ದಫ್ತರವನ್ನು ತೆರೆದು ನೋಡಿಯಲ್ಲ. ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ಸಹಜವೋ ಅದನ್ನು ಓದಿನ ಬಲದಿಂದ ಹೊಂದಿಸಿ ಹೇಳುತ್ತವೆ. ಅಂತರ್ಜಾಲವನ್ನು ಜಾಲಾಡಿ ಹೇಳುವ ಯಂತ್ರಗಳೂ ಉಂಟು. ಅವಾದರೂ ಸಾಮಾನ್ಯವಾಗಿ ನೋಡುವುದು ಅಲ್ಲಿ ಪ್ರಕಟವಾದ ಪುಟಗಳನ್ನೇ ಹೊರತು ಟ್ರೇಡ್‌ಮಾರ್ಕು ರಿಜಿಸ್ಟ್ರಿಯ ಕಡತಗಳನ್ನಲ್ಲ. ೨೦೨೩ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಒಂದು ವಿಮಾನ ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ ವಾದಿಯ ಪರ ವಕೀಲರು ಚಾಟ್‌ಜಿಪಿಟಿಯು ಒದಗಿಸಿದ ಪೂರ್ವ ತೀರ್ಪುಗಳನ್ನು ಉದಾಹರಿಸಿದರು. ಅಂಥ ತೀರ್ಪುಗಳು ಯಾವ ಗ್ರಂಥದಲ್ಲಿಯೂ ಇರಲಿಲ್ಲ. ಅವು ನಿಜವಾದವುಗಳೇ ಎಂದು ವಕೀಲರು ಯಂತ್ರವನ್ನೇ ಕೇಳಿದ್ದರಂತೆ. ನಿಜವೆಂದೇ ಅದು ಉತ್ತರಿಸಿತ್ತು. ನ್ಯಾಯಾಧೀಶರು ೫,೦೦೦ ಡಾಲರು ದಂಡ ವಿಧಿಸಿದರು. ಇಲ್ಲದ ತೀರ್ಪನ್ನು ಉಂಟೆಂದು ಸಾಧಿಸಬಲ್ಲ ಯಂತ್ರವು ಇರುವ ಹೆಸರನ್ನು ಇಲ್ಲವೆಂದು ಹೇಳಲು ಹಿಂಜರಿಯುವುದೆಂದು ಯಾರು ಜಾಮೀನು ನಿಲ್ಲುವರು?

ಯಂತ್ರವು ಪ್ರಾಮಾಣಿಕವಾಗಿಯೇ ಹುಡುಕಿತೆಂದು ಇಟ್ಟುಕೊಳ್ಳೋಣ. ಆಗಲೂ ತೊಡಕು ತಪ್ಪುವುದಿಲ್ಲ. ಹೆಸರಿನ ಹೋಲಿಕೆಯನ್ನು ನ್ಯಾಯಾಲಯಗಳು ಅಳೆಯುವ ಬಗೆಯೇ ಬೇರೆ. ಮದರಾಸಿನಲ್ಲಿ 'ಶ್ರೀ ಅಂಬಾಳ್' ಎಂಬ ನಶ್ಯವು ಹೆಸರುವಾಸಿಯಾಗಿದ್ದಾಗ ಬೇರೊಬ್ಬ ವರ್ತಕರು 'ಶ್ರೀ ಆಂಡಾಳ್' ಎಂಬ ಹೆಸರನ್ನು ತಮ್ಮ ನಶ್ಯಕ್ಕೆ ನೋಂದಾಯಿಸಿಕೊಡಬೇಕೆಂದು ಅರ್ಜಿ ಹಾಕಿದರು. ಒಂದು ಪಾರ್ವತಿಯ ಹೆಸರು, ಇನ್ನೊಂದು ವೈಷ್ಣವ ಭಕ್ತೆಯ ಹೆಸರು. ದಕ್ಷಿಣದ ಯಾವ ಆಸ್ತಿಕನೂ ಇವೆರಡನ್ನು ಒಂದೆನ್ನಲಾರನು. ಯಂತ್ರವನ್ನು ಕೇಳಿದರೆ ಅದೂ ಈ ವ್ಯತ್ಯಾಸವನ್ನೇ ಸೊಗಸಾಗಿ ವಿವರಿಸೀತು. ಸುಪ್ರೀಂ ಕೋರ್ಟು ೧೯೬೯ರಲ್ಲಿ ಅರ್ಥವನ್ನು ಬದಿಗಿಟ್ಟು ಕಿವಿಯ ಸಾಕ್ಷ್ಯವನ್ನು ಹಿಡಿಯಿತು. ನಶ್ಯವನ್ನು ಕೊಳ್ಳುವವರೆಲ್ಲರೂ ಈ ಭೇದವನ್ನು ಬಲ್ಲವರಲ್ಲ, ಉಚ್ಚಾರಣೆಯಲ್ಲಿ ಎರಡೂ ತೀರ ಸಮೀಪ ಎಂದು ಹೇಳಿ ನೋಂದಣಿಯನ್ನು ನಿರಾಕರಿಸಿತು. ಅದಕ್ಕೂ ಮುಂಚೆ, ೧೯೬೨ರಲ್ಲಿ, 'ಅಮೃತಧಾರಾ' ಮತ್ತು 'ಲಕ್ಷ್ಮಣಧಾರಾ' ಎಂಬ ಔಷಧಗಳ ವಿವಾದದಲ್ಲಿಯೂ ಅದೇ ನ್ಯಾಯಾಲಯವು ಹೆಸರನ್ನು ಅರ್ಧಮರ್ಧ ನೆನಪಿಟ್ಟುಕೊಂಡು ಅಂಗಡಿಗೆ ಬರುವ ಸಾಮಾನ್ಯ ಗಿರಾಕಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿತ್ತು.

ಇದಕ್ಕೆ ವಿರುದ್ಧವಾದ ದೃಷ್ಟಾಂತವು ನಮ್ಮ ಊರಿನದೇ ಇದೆ. ಕರ್ನಾಟಕ ಹಾಲು ಒಕ್ಕೂಟವು ೧೯೮೫ರಿಂದ 'ನಂದಿನಿ' ಎಂಬ ಹೆಸರಿನಿಂದ ಹಾಲನ್ನು ಮಾರುತ್ತಿದೆ. ಬೆಂಗಳೂರಿನ ಹೋಟೆಲೊಂದು ೧೯೮೯ರಿಂದ ಇಂಗ್ಲಿಷಿನಲ್ಲಿ ಒಂದು 'ಎಚ್' ಅಕ್ಷರವನ್ನು ಹೆಚ್ಚಾಗಿ ಸೇರಿಸಿಕೊಂಡು ಅದೇ ಹೆಸರನ್ನು ನಡೆಸಿಕೊಂಡು ಬಂದಿತು. ಹೋಟೆಲಿನವರು ನೋಂದಣಿ ಕೇಳಿದಾಗ ಒಕ್ಕೂಟವು ತಕರಾರು ಮಾಡಿತು. ಮೇಲ್ಮನವಿಯ ಮಂಡಳಿಯೂ ಹೈಕೋರ್ಟೂ ಒಕ್ಕೂಟದ ಪಕ್ಷವನ್ನು ಹಿಡಿದವು. ೨೦೧೮ರಲ್ಲಿ ಸುಪ್ರೀಂ ಕೋರ್ಟು, ಹಾಲು ಮತ್ತು ಹಾಲಿನ ಪದಾರ್ಥಗಳನ್ನು ಬಿಟ್ಟು ಉಳಿದ ಸರಕುಗಳಿಗೆ ಹೋಟೆಲಿನವರು ಆ ಹೆಸರನ್ನು ನೋಂದಾಯಿಸಿಕೊಳ್ಳಬಹುದೆಂದು ತೀರ್ಪಿತ್ತಿತು. ಆದ್ದರಿಂದ "ಈ ಹೆಸರು ಆಗಲೇ ಇದೆ, ಬಿಟ್ಟುಬಿಡಿ" ಎಂಬ ಯಂತ್ರದ ಮಾತನ್ನೂ ಕಣ್ಣುಮುಚ್ಚಿ ಕೇಳಬೇಕಾದುದಿಲ್ಲ. ಸರಕುಗಳನ್ನೂ ಸೇವೆಗಳನ್ನೂ ೪೫ ವರ್ಗಗಳಾಗಿ ವಿಂಗಡಿಸಿದ್ದಾರೆ. ಯಾವ ವರ್ಗದಲ್ಲಿ, ಯಾವ ಸರಕಿಗೆ, ಯಾವ ಬಗೆಯ ಗಿರಾಕಿಗಳಿಗೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಇನ್ನು ನೋಂದಣಿಯನ್ನೇ ಮಾಡಿಸದೆ ಗಲ್ಲಿಯಲ್ಲಿ ಬಾಳುತ್ತಿರುವ ಹೆಸರುಗಳ ಮಾತು. ನಮ್ಮ ೧೯೯೯ರ ಟ್ರೇಡ್‌ಮಾರ್ಕು ಕಾಯಿದೆಯ ೩೪ನೆಯ ಪ್ರಕರಣವು, ಮೊದಲಿನಿಂದ ಹೆಸರನ್ನು ಬಳಸಿಕೊಂಡು ಬಂದವನ ಹಕ್ಕನ್ನು ತರುವಾಯ ನೋಂದಾಯಿಸಿಕೊಂಡವನಿಂದ ರಕ್ಷಿಸುತ್ತದೆ. ತಿರುನೆಲ್ವೇಲಿಯ 'ಇರುಟ್ಟುಕಡೈ' ಹಲ್ವದ ವ್ಯಾಜ್ಯದಲ್ಲಿ ೨೦೧೫ರಲ್ಲಿ ಸುಪ್ರೀಂ ಕೋರ್ಟು ಈ ತತ್ತ್ವವನ್ನು ಸ್ಪಷ್ಟಪಡಿಸಿದೆ. ಕತ್ತಲ ಅಂಗಡಿ ಎಂದು ಆ ಹೆಸರಿನ ಅರ್ಥ. ಹಲ್ವವು ಕೀರ್ತಿ ಪಡೆದದ್ದರಿಂದ ಆ ಅಂಗಡಿಯನ್ನು ಇಂದು ಯಂತ್ರಗಳೂ ಬಲ್ಲವು. ಆದರೆ ದಾವಣಗೆರೆಯಲ್ಲಿ ಮೂವತ್ತು ವರ್ಷದಿಂದ ಒಂದೇ ಹೆಸರಿನಲ್ಲಿ ಚಟ್ನಿಪುಡಿ ಮಾರುತ್ತ, ಅಂತರ್ಜಾಲದ ಗೊಡವೆಗೇ ಹೋಗದ ಮುದುಕಿಯ ಹೆಸರನ್ನು ಯಾವ ಯಂತ್ರ ತಿಳಿದೀತು? ಸಂತೆಯನ್ನು ಸುತ್ತುವ ಸಗಟು ವ್ಯಾಪಾರದ ದಲ್ಲಾಳಿ ತಿಳಿದಾನು.

ಕನ್ನಡದ ಹೆಸರುಗಳಿಗೆ ವಿಶೇಷವಾದ ಕಷ್ಟವೊಂದಿದೆ. ಹಿಂದಿ ಅಥವಾ ಇಂಗ್ಲಿಷಲ್ಲದ ಲಿಪಿಯಲ್ಲಿ ಹೆಸರಿದ್ದರೆ ಅದನ್ನು ಆ ಎರಡರಲ್ಲೊಂದರಲ್ಲಿ ಬರೆದು ಅರ್ಥವನ್ನೂ ಕೊಡಬೇಕೆಂದು ೨೦೧೭ರ ನಿಯಮಗಳು ವಿಧಿಸುತ್ತವೆ. 'ದೀಪ' ಎಂಬ ಎರಡಕ್ಷರದ ಮಾತನ್ನು ಇಂಗ್ಲಿಷಿನಲ್ಲಿ ಒಬ್ಬನು 'ಐ' ಇಟ್ಟು, ಇನ್ನೊಬ್ಬನು ಎರಡು 'ಇ' ಇಟ್ಟು, ಮತ್ತೊಬ್ಬನು 'ಡಿ'ಯ ಪಕ್ಕಕ್ಕೆ 'ಎಚ್' ಸೇರಿಸಿ ಬರೆಯುತ್ತಾನೆ. ಮೂರೂ ಕಿವಿಗೆ ಒಂದೇ. ಒಂದು ಬರವಣಿಗೆಯನ್ನು ಹುಡುಕಿ ಇಲ್ಲವೆಂದು ಹೇಳಿದ ಮಾತ್ರಕ್ಕೆ ಉಳಿದೆರಡನ್ನು ಹುಡುಕಿದಂತಾಗಲಿಲ್ಲ.

ಯಂತ್ರವು ಇಷ್ಟಪಟ್ಟು ಸೂಚಿಸುವ ಹೆಸರುಗಳ ಬಗ್ಗೆಯೂ ಒಂದು ಮಾತು. ಶುದ್ಧ, ತಾಜಾ, ಉತ್ತಮ ಎಂದು ಸರಕಿನ ಗುಣವನ್ನೇ ಹೇಳುವ ಮಾತುಗಳಿಗೆ ೯ನೆಯ ಪ್ರಕರಣವು ಸಾಮಾನ್ಯವಾಗಿ ನೋಂದಣಿ ಕೊಡುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ, ಮೈಸೂರು ರೇಷ್ಮೆ ಮುಂತಾಗಿ ಭೌಗೋಳಿಕ ಗುರುತು ಪಡೆದ ಹೆಸರುಗಳು ಆಯಾ ನಾಡಿನ ಬೆಳೆಗಾರರ, ಕುಶಲಿಗಳ ಸಮಸ್ತರ ಸೊತ್ತು. ಒಬ್ಬನ ಪೊಟ್ಟಣಕ್ಕೆ ಕಟ್ಟಿಹಾಕಲು ಬರುವುದಿಲ್ಲ. ಅದೂ ಅಲ್ಲದೆ ಒಂದೇ ಪ್ರಶ್ನೆಯನ್ನು ಹತ್ತು ಮಂದಿ ಕೇಳಿದರೆ ಹತ್ತು ಮಂದಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಹೆಸರುಗಳು ಬರುತ್ತವೆ. ನೆರೆಯೂರಿನವನೂ ಅದೇ ಯಂತ್ರವನ್ನು ಕೇಳಿರಲಿಕ್ಕಿಲ್ಲವೇ?

ಎಡವಿದವನಿಗೆ ಒದಗುವ ನಷ್ಟವು ಅಲ್ಪವಾದುದಲ್ಲ. ನ್ಯಾಯಾಲಯವು ಮಾರಾಟವನ್ನು ತಡೆಯಬಹುದು, ಗಳಿಸಿದ ಲಾಭದ ಲೆಕ್ಕ ಕೇಳಬಹುದು, ಅಚ್ಚು ಹಾಕಿಸಿದ ಚೀಟಿಗಳನ್ನು ನಾಶಕ್ಕಾಗಿ ಒಪ್ಪಿಸೆಂದು ಆಜ್ಞಾಪಿಸಬಹುದು. ಅರಿಯದೆ ಮಾಡಿ, ಅರಿತೊಡನೆ ನಿಲ್ಲಿಸಿದವನಿಗೆ ಪರಿಹಾರದ ಹೊರೆಯನ್ನು ಇಳಿಸುವ ಅವಕಾಶವು ಕಾಯಿದೆಯಲ್ಲಿ ಉಂಟು. ಆದರೆ ಅರಿಯಲು ತನಗೆ ಸಕಾರಣವಿರಲಿಲ್ಲವೆಂದು ಆತನೇ ಮನಗಾಣಿಸಬೇಕು. ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿಟ್ಟ ರಿಜಿಸ್ಟರನ್ನು ನೋಡದೆ, "ಯಂತ್ರವು ಇಲ್ಲವೆಂದಿತು" ಎಂದು ನಿವೇದಿಸುವವನ ಮಾತು ಎಷ್ಟರ ಮಟ್ಟಿಗೆ ನಿಲ್ಲುವುದೋ ಊಹಿಸಿಕೊಳ್ಳಬಹುದು.

ಯಂತ್ರವನ್ನು ಬಿಡಿರೆಂದು ನಾವು ಹೇಳುತ್ತಿಲ್ಲ. ಅದರಿಂದ ತೆಗೆದುಕೊಳ್ಳಬೇಕಾದ ಕೆಲಸವು ಬೇರೆ. ಆಯ್ದ ಹೆಸರಿಗೆ ಉಚ್ಚಾರಣೆಯಲ್ಲಿ ಹತ್ತಿರವಾದ ಮಾತುಗಳಾವುವು, ಇಂಗ್ಲಿಷಿನಲ್ಲಿ ಎಷ್ಟು ಬಗೆಯಾಗಿ ಬರೆಯಬಹುದು, ತೆಲುಗಿನಲ್ಲಿಯೋ ಮರಾಠಿಯಲ್ಲಿಯೋ ಅದಕ್ಕೆ ಅಪಾರ್ಥವಿದೆಯೇ, ಸರಕು ಯಾವ ವರ್ಗಕ್ಕೆ ಸೇರಬಹುದು ಎಂದು ಅದನ್ನು ಕೇಳಲಿ. ಆ ಪಟ್ಟಿಯನ್ನು ಹಿಡಿದುಕೊಂಡು ರಿಜಿಸ್ಟ್ರಿಯ ಸಾರ್ವಜನಿಕ ಶೋಧನೆಯಲ್ಲಿ ಅಕ್ಷರದಿಂದಲೂ ಉಚ್ಚಾರಣೆಯಿಂದಲೂ ತಾನೇ ಹುಡುಕಲಿ. ಅನಂತರ ಪೇಟೆಯನ್ನು ಸುತ್ತಲಿ, ವಕೀಲರನ್ನು ಕಾಣಲಿ. ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಅಂತರ್ಜಾಲದ ಮೂಲಕ ಅರ್ಜಿಯ ಶುಲ್ಕವು ವರ್ಗವೊಂದಕ್ಕೆ ೪,೫೦೦ ರೂಪಾಯಿ. ಹೆಸರು ಟ್ರೇಡ್‌ಮಾರ್ಕು ಜರ್ನಲಿನಲ್ಲಿ ಪ್ರಕಟವಾದ ಮೇಲೆ ತಕರಾರಿಗೆ ನಾಲ್ಕು ತಿಂಗಳ ಅವಧಿಯುಂಟು. ಅದಕ್ಕೆ ಮುಂಚೆಯೇ ಲಕ್ಷ ಪೊಟ್ಟಣ ಅಚ್ಚು ಹಾಕಿಸುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಸರ್ಕಾರದವರು ೨೦೨೪ರ ಸೆಪ್ಟೆಂಬರಿನಲ್ಲಿ ಟ್ರೇಡ್‌ಮಾರ್ಕು ಶೋಧನೆಗೆ ಕೃತಕ ಬುದ್ಧಿಯ ಸಾಧನವೊಂದನ್ನು ತಾವೇ ಆರಂಭಿಸಿರುವರು. ಸ್ವಾಗತಾರ್ಹವೇ. ಆದರೆ ಕರ್ನಾಟಕದ ಅರ್ಜಿಗಳು ಇಂದಿಗೂ ಚೆನ್ನೈ ಶಾಖೆಯ ವ್ಯಾಪ್ತಿಗೆ ಸೇರಿವೆ. ಕನ್ನಡದ ಹೆಸರನ್ನು ಕನ್ನಡದ ಅಕ್ಷರದಲ್ಲಿಯೇ ಕೊಟ್ಟು, ಕನ್ನಡದ ಉಚ್ಚಾರಣೆಯಂತೆ ಹುಡುಕಿಸುವ ಏರ್ಪಾಡನ್ನು ಆ ಸಾಧನಕ್ಕೆ ಸೇರಿಸಬೇಕೆಂದು ರಾಜ್ಯ ಸರ್ಕಾರದವರು ದೆಹಲಿಗೆ ಬರೆಯಲಿ. ಅದು ಬರುವ ತನಕ ಪ್ರತಿಯೊಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿಯೂ ರಿಜಿಸ್ಟರನ್ನು ಹುಡುಕಿ ತೋರಿಸಬಲ್ಲ ಒಬ್ಬ ಗುಮಾಸ್ತೆಯನ್ನು ವಾರಕ್ಕೆ ಒಂದು ದಿನವಾದರೂ ಕೂಡಿಸಲು ದೆಹಲಿಯ ಅಪ್ಪಣೆ ಬೇಕಾಗಿಲ್ಲ.