ನೀರೊಳಗೂ ಇರಲಿ ಮಂಕಿ ಕ್ಯಾಪ್

ಡಿಸೆಂಬರ್ ಬೆಳಗ್ಗೆ ಪಾರ್ಕಿನಲ್ಲಿ ಮಂಕಿ ಕ್ಯಾಪ್ ಹಾಕ್ಕೊಂಡು ವಾಕ್ ಮಾಡೋ ಅಂಕಲ್‌ಗಳನ್ನು ನೋಡಿ ನಾವೆಲ್ಲ ನಕ್ಕವರೇ. ಆಫೀಸಿನ ಎಸಿಗೆ ಹೂಡಿ ಏರಿಸಿಕೊಂಡು ಕೂರೋರೂ ನಾವೇ. ಆದರೆ ನೇತ್ರಾಣಿಯ ಬೆಚ್ಚನೆ ನೀರಲ್ಲಿ ಸ್ಕೂಬಾ ಕಲಿತು, ಆನ್‌ಸೈಟ್ ಅಂತ ಇಂಗ್ಲೆಂಡಿಗೆ ಹೋಗಿ, ಅಲ್ಲಿ ನೀರು ತುಂಬಿದ ಹಳೇ ಕಲ್ಲುಕ್ವಾರಿಯ ದಡದಲ್ಲಿ ನಿಂತಾಗ ಮಾತ್ರ ನಮಗೆ ಶೌರ್ಯ ಬರುತ್ತೆ. "ಹುಡ್ ಬೇಡ ಗುರು, ಫೋಟೋ ಚೆನ್ನಾಗಿ ಬರಲ್ಲ. ಚಳಿ ತಡ್ಕೋತೀನಿ."

ನಾನೂ ತಡ್ಕೊಂಡವನೇ. ಇಪ್ಪತ್ತನೇ ನಿಮಿಷಕ್ಕೆ ಬೆರಳು ನನ್ನ ಮಾತು ಕೇಳ್ತಿರಲಿಲ್ಲ. ಜಾಕೆಟ್ಟಿಗೆ ಗಾಳಿ ತುಂಬೋ ಬಟನ್ ಒತ್ತಿದೀನೋ ಇಲ್ವೋ ಗೊತ್ತಾಗಲಿಲ್ಲ. ಜೊತೆಗಿದ್ದವಳು ತನ್ನ ಡೈವ್ ಅರ್ಧಕ್ಕೇ ಬಿಟ್ಟು ನನ್ನನ್ನ ಮೇಲೆ ತಂದಳು. ಡೈವಿಂಗ್ ಜೊತೆಗಾರರನ್ನು 'ಬಡ್ಡಿ' ಅಂತಾರಲ್ಲ, ಸರಿಯಾಗೇ ಇದೆ: ನಾನು ಮಾಡಿದ ಧೈರ್ಯದ ಸಾಲಕ್ಕೆ ಬಡ್ಡಿ ಕಟ್ಟಿದ್ದು ಅವಳು.

ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತೆ. ಮೈ ತಣ್ಣಗಾದ ಕೂಡಲೇ ದೇಹ ಕೈಕಾಲಿನ ರಕ್ತವನ್ನು ಒಳಕ್ಕೆ ಎಳೆದುಕೊಳ್ಳುತ್ತೆ. ಗ್ಲೌಸ್ ಇರೋ ಶಾಖ ಹಿಡಿದಿಡುತ್ತೆ, ಹೊಸದಾಗಿ ಹುಟ್ಟಿಸಲ್ಲ. ಹಾಗಾಗಿ ತೆಳ್ಳನೆ ಸೂಟಿನ ಜೊತೆ ದಪ್ಪ ಗ್ಲೌಸ್ ಹಾಕಿದರೂ ಬೆರಳು ಮರಗಟ್ಟೋದೇ. ಮೊದಲು ಎದೆ, ಹೊಟ್ಟೆ ಬೆಚ್ಚಗಿರಬೇಕು. ಅರ್ಧ ಶಾಖ ತಲೆಯಿಂದಲೇ ಹೋಗುತ್ತೆ ಅನ್ನೋದು ಕಟ್ಟುಕಥೆ, ನಿಜ. ಆದರೆ ನೆತ್ತಿಯ ರಕ್ತನಾಳಗಳು ಕೈಕಾಲಿನವುಗಳ ಹಾಗೆ ಮುದುಡಲ್ಲ. ಶಾಖ ಸೋರುತ್ತಲೇ ಇರುತ್ತೆ. ಒಂದು ಕಿವಿಗೆ ತಣ್ಣೀರು ನುಗ್ಗಿದರಂತೂ ತಲೆ ತಿರುಗಿ, ಮೇಲ್ಯಾವುದು ಕೆಳಗ್ಯಾವುದು ಅನ್ನೋದೇ ತಪ್ಪಿಹೋಗಬಹುದು. ಇನ್ನು ಕಾಲು: ಎರಡೆರಡು ಸಾಕ್ಸ್ ತುರುಕಿ ಬೂಟು ಬಿಗಿ ಮಾಡಿಕೊಂಡರೆ ರಕ್ತ ಓಡಾಡಲ್ಲ, ಇನ್ನಷ್ಟು ತಣ್ಣಗಾಗುತ್ತೆ. ದಡದಲ್ಲಿ ಬೆಚ್ಚಗಿದ್ದ ವೆಟ್‌ಸೂಟೂ ಆಳದಲ್ಲಿ ಕೈಕೊಡುತ್ತೆ. 10 ಮೀಟರಿನಲ್ಲಿ ಒತ್ತಡ ಎರಡರಷ್ಟಾಗಿ ನಿಯೋಪ್ರೀನ್ ಒಳಗಿನ ಗುಳ್ಳೆಗಳು ಕುಗ್ಗುತ್ತವೆ.

"ಗ್ಲೌಸ್ ಹಾಕಿದ್ರೆ ಬಟನ್ ಸಿಗಲ್ಲ" ಅಂತೀರಾ? ಮರಗಟ್ಟಿದ ಬೆರಳಿಗೂ ಸಿಗಲ್ಲ. ಗ್ಲೌಸ್ ಹಾಕಿ ಅಭ್ಯಾಸ ಮಾಡಬಹುದು, ಮರಗಟ್ಟಿದ ಬೆರಳಿಗೆ ಯಾವ ಅಭ್ಯಾಸ ಮಾಡಿಸ್ತೀರಿ? ಎಲ್ಲಾ ಕಡೆ ಗ್ಲೌಸ್ ಹಾಕಿ ಅಂತಲೂ ನಾನು ಹೇಳ್ತಿಲ್ಲ. ಕೆರಿಬಿಯನ್ನಿನ ಬೊನೇರ್ ದ್ವೀಪದಲ್ಲಿ ಜನ ಹವಳ ಮುಟ್ಟಬಾರದು ಅಂತ ಗ್ಲೌಸನ್ನೇ ನಿಷೇಧಿಸಿದ್ದಾರೆ. ನೇತ್ರಾಣಿಯಲ್ಲೂ ಚಳಿಗೆ ಅಂತ ಅದು ಬೇಕಿಲ್ಲ. ಏನು ಹಾಕಬೇಕು ಅನ್ನೋದನ್ನ ನೀರು ಹೇಳಬೇಕು, ನಮ್ಮ ಜಂಬ ಅಲ್ಲ.

ಚಳಿ ನಮ್ಮನ್ನ ಪಾಸು ಫೇಲು ಮಾಡೋ ಪರೀಕ್ಷೆ ಅಲ್ಲ. ಬೆರಳು ಜೋಮು ಹಿಡೀತಾ? ಹೆಬ್ಬೆರಳು ಮೇಲೆತ್ತಿ. ನೀರೊಳಗೆ ಅದು 'ಲೈಕ್' ಅಲ್ಲ, 'ಮೇಲಕ್ಕೆ ಹೋಗೋಣ' ಅಂತ. ಅಷ್ಟು ಹೇಳೋಕಾದರೂ ಹೆಬ್ಬೆರಳು ನಿಮ್ಮ ಮಾತು ಕೇಳ್ತಿರಬೇಕಲ್ವಾ?